ಮಗ ಒಳ್ಳೆಯವನಾದರೆ ಸಾಕೇ?

ಮುಪ್ಪಿನ ಸಂಕಟ ಕನ್ನಡ ಸಿನಿಮಾಕ್ಕೆ ಹೊಸ ವಸ್ತುವೇನಲ್ಲ. 1958ರಲ್ಲಿ ಬಿ.ಆರ್. ಪಂತುಲು ಅವರ 'ಸ್ಕೂಲ್ ಮಾಸ್ಟರ್', ಮಕ್ಕಳ ಅನಾದರಕ್ಕೆ ಗುರಿಯಾಗಿ ಪರಸ್ಪರ ಅಗಲಬೇಕಾದ ಮೇಷ್ಟ್ರ ದಂಪತಿಯ ಕಥೆ ಹೇಳಿತು. 2016ರಲ್ಲಿ ತೆರೆಕಂಡ, ಹೇಮಂತ್ ರಾವ್ ನಿರ್ದೇಶನದ 'ಗೋಧಿ ಬಣ್ಣ ಸಾಧಾರಣ ಮೈಕಟ್ಟು' ಚಿತ್ರದಲ್ಲಿ ಮರೆವಿನ ಕಾಯಿಲೆಯ ತಂದೆ ಕಳೆದುಹೋಗುತ್ತಾರೆ. ಹುಡುಕುತ್ತಾ ಅಲೆಯುವ ಮಗನಿಗೆ ತನ್ನ ಅಪ್ಪ ಯಾರೆಂಬುದು ಆಗ ತಿಳಿಯತೊಡಗುತ್ತದೆ. ಪಂತುಲು, ಎಂ.ವಿ. ರಾಜಮ್ಮ, ಅನಂತನಾಗ್ ಅವರ ಅಭಿನಯ ಕಣ್ಣು ತೇವಗೊಳಿಸುತ್ತದೆ, ನಿಜ. ಆದರೆ ಎರಡೂ ಚಿತ್ರಗಳ ತಳದಲ್ಲಿರುವುದು ಒಂದೇ ನಂಬಿಕೆ. ಹಿರಿಯರ ದುಃಖಕ್ಕೆ ಮಕ್ಕಳ ಅಲಕ್ಷ್ಯವೇ ಕಾರಣ. ಕೃತಜ್ಞ ಶಿಷ್ಯನೋ ಎಚ್ಚೆತ್ತ ಮಗನೋ ಬಂದರೆ ಅದು ತೀರುತ್ತದೆ.

ಈ ನಂಬಿಕೆಯನ್ನು ನಂಜನಗೂಡು, ಟಿ. ನರಸೀಪುರ ತಾಲೂಕುಗಳ ಹಳ್ಳಿಗಳಲ್ಲಿಟ್ಟು ನೋಡೋಣ. ಇಲ್ಲಿ ಎಷ್ಟೋ ಮನೆಗಳಲ್ಲಿ ಮಗ ಕೆಟ್ಟವನಲ್ಲ. ಬೆಳಿಗ್ಗೆ ಎದ್ದು ನಂಜನಗೂಡಿನ ಕಾರ್ಖಾನೆಗೋ ಮೈಸೂರಿಗೋ ದುಡಿಯಲು ಹೋಗುತ್ತಾನೆ. ಸೊಸೆ ಕೂಲಿಗೆ, ಮೊಮ್ಮಕ್ಕಳು ಶಾಲೆಗೆ. ಜಗಲಿಯಲ್ಲಿ ಉಳಿಯುವವಳು ಗಂಡನನ್ನು ಕಳೆದುಕೊಂಡ, ಮಂಡಿ ಸವೆದ, ಕಿವಿ ಮಂದವಾದ ಅಜ್ಜಿ. ವಿಚಾರಿಸಿದರೆ, "ಮೈಯೆಲ್ಲಾ ನೋವು ಕಣಪ್ಪಾ, ರಾತ್ರಿ ನಿದ್ದೆ ಬರಾಕಿಲ್ಲ" ಎನ್ನುತ್ತಾಳೆ. 'ದುಃಖ' ಎಂಬ ಮಾತೇ ಬರುವುದಿಲ್ಲ. ನೋವಿಗೆ ಮಾತ್ರೆ ಸಿಗುತ್ತದೆ. ಮನಸ್ಸನ್ನು ಯಾರೂ ಕೇಳುವುದಿಲ್ಲ.

ವೈಧವ್ಯ, ಬಡತನ, ಒಂಟಿತನ, ಸಕ್ಕರೆ ಕಾಯಿಲೆಯಂತಹ ದೀರ್ಘ ರೋಗ, ಎಲ್ಲದಕ್ಕೂ ಇನ್ನೊಬ್ಬರ ಕೈ ಹಿಡಿಯಬೇಕಾದ ಸ್ಥಿತಿ, ಇವೆಲ್ಲ ಖಿನ್ನತೆಯ ದಾರಿಗಳು. ಮಗನ ಪ್ರೀತಿಯೊಂದೇ ಇವನ್ನೆಲ್ಲ ಮುಚ್ಚಲಾರದು. ವೃದ್ಧಾಪ್ಯದ ಕುರಿತು 2017-18ರಲ್ಲಿ ನಡೆದ 'ಲಾಸಿ' ರಾಷ್ಟ್ರೀಯ ಅಧ್ಯಯನವು 60 ದಾಟಿದವರಲ್ಲಿ ಶೇ. 8.3 ಮಂದಿಯಲ್ಲಿ ತೀವ್ರ ಖಿನ್ನತೆಯ ಲಕ್ಷಣಗಳನ್ನು ಕಂಡಿತು. ವೈದ್ಯರು ತಮ್ಮ ಖಿನ್ನತೆಯನ್ನು ಗುರುತಿಸಿದ್ದಾರೆ ಎಂದವರು ಕೇವಲ ಶೇ. 0.8. ಹತ್ತು ಪಟ್ಟಿನ ಅಂತರ! ಈ ಕತ್ತಲಲ್ಲಿರುವವರ ಕಥೆಯನ್ನು ನಮ್ಮ ಸಿನಿಮಾ ಇನ್ನೂ ಹೇಳಬೇಕಾಗಿದೆ.

ಸಿನಿಮಾವನ್ನಷ್ಟೇ ದೂರಿ ಪ್ರಯೋಜನವಿಲ್ಲ. 'ಈಮಾನ್ ಗಟ್ಟಿಯಿದ್ದರೆ ಮನಸ್ಸು ಕುಗ್ಗದು' ಎಂದು ನಾವೂ ಸುಲಭವಾಗಿ ಹೇಳಿಬಿಡುತ್ತೇವೆ. ಮಗ ಯೂಸುಫರ(ಅ) ಅಗಲಿಕೆಯಲ್ಲಿ ಪ್ರವಾದಿ ಯಾಕೂಬರ(ಅ) ಕಣ್ಣುಗಳು ದುಃಖದಿಂದ ಬೆಳ್ಳಗಾದವೆಂದು ಕುರ್‌ಆನ್ ತಿಳಿಸುತ್ತದೆ. ಅವರ ವಿಶ್ವಾಸದಲ್ಲಿ ಕೊರತೆಯಿತ್ತೇ? ದುಃಖ ಮತ್ತು ಸಹನೆ ಒಂದೇ ಎದೆಯಲ್ಲಿ ಇರಬಲ್ಲವು. ವೃದ್ಧ ಹೆತ್ತವರ ಮುಂದೆ ಬೇಸರದ ಉದ್ಗಾರವನ್ನೂ ತೆಗೆಯಬಾರದೆಂದು ಕಲಿತ ನಾವು, ಅವರು ಬಾಯಿಬಿಟ್ಟು ಹೇಳದ ಬೇಸರವನ್ನು ಕೇಳಿಸಿಕೊಳ್ಳುವುದನ್ನೂ ಕಲಿಯಬೇಡವೇ?

ಖಿನ್ನತೆ ಮುಪ್ಪಿನ ಸಹಜ ಗುಣವಲ್ಲ, ಚಿಕಿತ್ಸೆಯಿರುವ ಕಾಯಿಲೆ. 2022ರಲ್ಲಿ ಆರಂಭವಾದ 'ಟೆಲಿ ಮಾನಸ್' ಉಚಿತ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತನಾಡಬಹುದು. ಆದರೆ ಆ ಅಜ್ಜಿ ತಾನಾಗಿ ಫೋನ್ ಮಾಡುವವಳಲ್ಲ. ಸಂಜೆ ದುಡಿದು ಬಂದ ಮಗ, "ಊಟ ಆಯ್ತಾ?" ಎಂಬುದರ ಜೊತೆಗೆ "ಮನಸ್ಸು ಹೇಗಿದೆಯವ್ವಾ?" ಎಂದೂ ಕೇಳಬೇಕು. ಒಳ್ಳೆಯ ಮಗನಿದ್ದೂ ತಾಯಿಯೊಬ್ಬಳು ಏಕೆ ಕುಗ್ಗಿಹೋದಳೆಂದು ಕೇಳುವ ಸಿನಿಮಾಕ್ಕಾಗಿ ನಾವು ಕಾಯುತ್ತಿದ್ದೇವೆ.