ಕೋರೆಹಲ್ಲಿನ ಕಸುಬು

ರಕ್ತ ಹೀರುವ ಪಿಶಾಚಿಯ ಕೋರೆಹಲ್ಲು ಎಳನೀರಿನ ಕೊಳವೆಯಂತೆ ಟೊಳ್ಳು, ಕುತ್ತಿಗೆಗೆ ಚುಚ್ಚಿದರೆ ರಕ್ತ ತಾನೇ ಮೇಲೇರುತ್ತದೆ ಎಂಬುದು ಮಕ್ಕಳ ಲೆಕ್ಕ. ಅಮೆರಿಕ ಖಂಡಗಳ ರಕ್ತಾಹಾರಿ ಬಾವಲಿ ಈ ಲೆಕ್ಕವನ್ನು ತಲೆಕೆಳಗು ಮಾಡುತ್ತದೆ. ಅದು ಹೀರುವುದಿಲ್ಲ, ನೆಕ್ಕುತ್ತದೆ. ಚರ್ಮ ಕೊಯ್ಯುವುದು ಮೇಲಿನ ಬಾಚಿಹಲ್ಲು. ಅದಕ್ಕೆ ಎನಾಮಲ್ ಇಲ್ಲದ್ದರಿಂದ ಹರಿತ ಮಾಸುವುದಿಲ್ಲ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಎಂಜಲಿನ ಪ್ರೋಟೀನಿಗೆ ವಿಜ್ಞಾನಿಗಳು ಇಟ್ಟ ಹೆಸರು ಡ್ರಾಕುಲಿನ್!

ಟೊಳ್ಳು ಹಲ್ಲು ನೋಡಬೇಕೆಂದರೆ ಅಷ್ಟು ದೂರ ಹೋಗಬೇಕಿಲ್ಲ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯ ರಾಗಿ ಹೊಲದ ಬದುವಿನಲ್ಲಿ ಕೊಳಕುಮಂಡಲವಿದೆ. ಅದರ ಕೆಲಸಗಾರಿಕೆ ಬೆರಗು ಹುಟ್ಟಿಸುವಂಥದು. ಉದ್ದನೆಯ ಹಲ್ಲು ಬಾಯಿ ಮುಚ್ಚಿದಾಗ ಅಂಗುಳಕ್ಕೆ ಮಡಿಚಿಕೊಳ್ಳುತ್ತದೆ, ಕಚ್ಚುವಾಗ ಮುಂದಕ್ಕೆ ನೆಟ್ಟಗಾಗುತ್ತದೆ. ರಂಧ್ರ ಇರುವುದು ತುತ್ತತುದಿಯಲ್ಲಲ್ಲ, ತುಸು ಮೇಲೆ. ಹಾಗಾಗಿ ಮೊನೆ ಗಟ್ಟಿಯಾಗಿಯೇ ಉಳಿಯುತ್ತದೆ. ವಿಷಗ್ರಂಥಿಯನ್ನು ಸ್ನಾಯು ಒತ್ತಿದೊಡನೆ ವಿಷ ಕೊಳವೆಯಲ್ಲಿ ಇಳಿಯುತ್ತದೆ. ನಾಗರಹಾವಿನ ಹಲ್ಲೂ ಟೊಳ್ಳೇ, ಆದರೆ ಗಿಡ್ಡ, ಮಡಿಚುವುದಿಲ್ಲ. ಹಲ್ಲು ಕಿತ್ತರೆ ಹಾವು ನಿರಪಾಯ ಎಂಬುದೂ ಸುಳ್ಳು: ಹಿಂದೆಯೇ ಬದಲಿ ಹಲ್ಲು ಬೆಳೆಯುತ್ತಿರುತ್ತದೆ.

ಅಂದರೆ ಕೊಳವೆ ಇದೆ ಎಂದ ಮಕ್ಕಳ ಊಹೆ ಸರಿ, ಹರಿವಿನ ದಿಕ್ಕು ಮಾತ್ರ ತಪ್ಪು. ದೊಡ್ಡವರ ತಪ್ಪು ಇದಕ್ಕಿಂತ ಅಪಾಯಕಾರಿ: ಗಾಯಕ್ಕೆ ಬಾಯಿಟ್ಟು ವಿಷ ಹೀರಿ ತೆಗೆಯಬಹುದೆಂಬ ನಂಬಿಕೆ. ಹಾವು ಕಚ್ಚಿದರೆ ಹೀರಬೇಡಿ, ಕೊಯ್ಯಬೇಡಿ, ಬಿಗಿದು ಕಟ್ಟಬೇಡಿ. ಕಚ್ಚಿದ ಭಾಗ ಅಲುಗಾಡಿಸದೆ ಪ್ರತಿವಿಷ ಸಿಗುವ ಆಸ್ಪತ್ರೆಗೆ ತಕ್ಷಣ ಹೋಗಿ.