‘ಯಕೃದ್ದಾಲ್ಯುದರ’: ಒಂದು ಅರ್ಥವಿಮರ್ಶೆ

ಸುಶ್ರುತಸಂಹಿತೆಯ ನಿದಾನಸ್ಥಾನದ 7ನೆಯ ಅಧ್ಯಾಯದಲ್ಲಿ ಬರುವ ‘ಯಕೃದ್ದಾಲ್ಯುದರ’ ಶಬ್ದವನ್ನು ಯಕೃತ್ತಿನ ಕ್ಯಾನ್ಸರೆಂದು ಕನ್ನಡಿಸುವುದು ವಿಚಾರಸಹವಲ್ಲ. ಅಲ್ಲಿ ಉಕ್ತವಾದುದು ವಿದಾಹಿ, ಅಭಿಷ್ಯಂದಿ ಆಹಾರಗಳಿಂದ ಯಕೃತ್ತು ಕೆಟ್ಟು ಬಲಗಡೆಯಲ್ಲಿ ಉದರವು ಬೆಳೆಯುವ ಲಕ್ಷಣಮಾತ್ರ. ಅದು ಅನೇಕ ವ್ಯಾಧಿಗಳಿಗೆ ಸಾಧಾರಣ. ಆದುದರಿಂದ ಈ ಅನುವಾದದಲ್ಲಿ ಅವ್ಯಾಪ್ತಿದೋಷವು ಸ್ಪಷ್ಟ.

ದೋಷವು ಶಬ್ದದಲ್ಲಿಯೇ ನಿಲ್ಲದು. ಭೈಷಜ್ಯರತ್ನಾವಳಿಯು ಯಕೃದ್ರೋಗಕ್ಕೆ ‘ಯಕೃದರಿಲೋಹ’ವನ್ನು ವಿಧಿಸಿದೆ, ಅರ್ಥವನ್ನು ಹೀಗೆ ಸಂಕುಚಿತಗೊಳಿಸಿದರೆ ಕಬ್ಬಿಣದ ಯೋಗವು ಕ್ಯಾನ್ಸರಿಗೆ ಮದ್ದೆನಿಸುವುದು. ಅರ್ವಾಚೀನರ ನಿರ್ಣಯವಾದರೋ ಬೇರೆ. ರೆಕ್ಲಿಂಗ್‌ಹೌಸೆನ್ನನು 1889ರಲ್ಲಿ ಹೆಸರಿಟ್ಟ ಹೀಮೋಕ್ರೊಮಟೋಸಿಸ್ ರೋಗದಲ್ಲಿ, ಆಹಾರದ ಕಬ್ಬಿಣವು ಮಿತಿಮೀರಿ ದೇಹಗತವಾಗಿ, ವಿಸರ್ಜನೆಗೆ ಮಾರ್ಗವಿಲ್ಲದೆ ಯಕೃತ್ತಿನಲ್ಲಿ ಸಂಚಯಗೊಂಡು, ಅದನ್ನು ಗಡುಸಾಗಿಸಿ, ಕೆಲವರಲ್ಲಿ ಕ್ಯಾನ್ಸರನ್ನೇ ಉಂಟುಮಾಡುವುದು. ಪಾಂಡುರೋಗಿಗೆ ಪಥ್ಯವಾದ ಲೋಹವು ಇಂಥವನಿಗೆ ವಿಷ.

ಇಂದಿನ ಜ್ಞಾನವನ್ನು ಸುಶ್ರುತನ ಬಾಯಲ್ಲಿಡುವುದು ಅವನಿಗೆ ಗೌರವವಲ್ಲ. ಶಬ್ದವನ್ನು ಹಾಗೆಯೇ ಉಳಿಸಿ ಟಿಪ್ಪಣಿಯಲ್ಲಿ ಲಕ್ಷಣವನ್ನು ವಿವರಿಸುವುದೇ ವಿದ್ವನ್ಮಾರ್ಗ.