ಕರಿಯರ ಪಾಠ, ಕೇರಿಯ ಪ್ರಶ್ನೆ

ಅಮೆರಿಕದ ಕರಿಯರ ಸಾಹಿತ್ಯ ನಮ್ಮ ಇಂಗ್ಲಿಷ್ ಎಂ.ಎ. ತರಗತಿಗಳಿಗೆ ಬಂದು ಬಹಳ ಕಾಲವಾಯಿತು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲದ ಕೇರಿಗಳಿಂದ ಬಂದ ಹುಡುಗ ಹುಡುಗಿಯರೂ ಅದನ್ನು ಓದುತ್ತಾರೆ. ಆದರೆ ಯಾರ ಕಣ್ಣಿನಿಂದ ಓದುತ್ತಾರೆ ಎಂಬುದೇ ನನ್ನ ಪ್ರಶ್ನೆ.

ಆಲಿಸ್ ವಾಕರ್ ಅವರ 'ದ ಕಲರ್ ಪರ್ಪಲ್' (1982) ಕಾದಂಬರಿಯ ಸೀಲಿ ಬರೆಯುವುದು ವ್ಯಾಕರಣದ ಇಂಗ್ಲಿಷಲ್ಲ, ಕರಿಯರ ಆಡುಮಾತು. ಅದು ಪ್ರತಿಭಟನೆಯ ಭಾಷೆ ಎಂದು ಮೇಷ್ಟ್ರುಗಳು ಕೊಂಡಾಡುತ್ತಾರೆ. ಸರಿಯೇ. ಅವರಲ್ಲೇ ಕೆಲವರು, ನಂಜನಗೂಡು ಸೀಮೆಯ ಮಾತಿನಲ್ಲಿ ಬಂದ ದೇವನೂರ ಮಹಾದೇವರ 'ಕುಸುಮಬಾಲೆ' (1984) ಕಂಡರೆ 'ಅರ್ಥವಾಗಲ್ಲ ಕಣ್ರೀ' ಅಂತಾರೆ. ಜಾರ್ಜಿಯಾದ ಆಡುಮಾತಿಗಿರುವ ತಾಳ್ಮೆ ಪಕ್ಕದ ಸೀಮೆಯ ಮಾತಿಗೆ ಯಾಕಿಲ್ಲ? ದೂರದವರ ನೋವಿಗೆ ಮರುಗಿದರೆ ಖರ್ಚಿಲ್ಲ. ಹತ್ತಿರದವರಿಗೆ ಮರುಗಿದರೆ ಮನೆಯ ನಡುಬಾಗಿಲು ತೆರೆಯಬೇಕಾಗುತ್ತದೆ.

ಹಾಗಂತ ಬಣ್ಣವೂ ಜಾತಿಯೂ ಒಂದೇ ಎನ್ನುವ ಅವಸರ ಬೇಡ. ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ ಓದುತ್ತಿದ್ದ ಅಂಬೇಡ್ಕರ್ 1916ರ ಮೇ 9ರಂದು ಮಂಡಿಸಿದ ಪ್ರಬಂಧದಲ್ಲೇ, ಯುರೋಪಿನ ಪಂಡಿತರು ತಮ್ಮ ವರ್ಣಪೂರ್ವಗ್ರಹದಿಂದ ಜಾತಿಯನ್ನು ನೋಡುತ್ತಿದ್ದಾರೆ ಎಂದರು; ಜಾತಿಯ ಬೇರು ಒಳಮದುವೆಯಲ್ಲಿದೆ ಎಂದು ತೋರಿಸಿದರು. ಅದೇ ಅಂಬೇಡ್ಕರ್ 1946ರಲ್ಲಿ ಕರಿಯರ ಚಿಂತಕ ಡು ಬಾಯ್ಸ್ ಅವರಿಗೆ ಪತ್ರ ಬರೆದು, ಅಸ್ಪೃಶ್ಯರ ಮತ್ತು ನೀಗ್ರೋಗಳ ಸ್ಥಿತಿಯಲ್ಲಿರುವ ಸಾಮ್ಯವನ್ನು ಹೇಳಿದರು. ಬೇರು ಬೇರೆ, ಆದರೂ ನೋವಿನ ನೆಂಟಸ್ತನ ಉಂಟು. ಈ ಎರಡನ್ನೂ ಒಟ್ಟಿಗೆ ಹಿಡಿಯುವುದೇ ದಲಿತ ವಿಮರ್ಶೆಯ ಕೆಲಸ.

ನಮ್ಮ ಕಡೆ ಮೈಬಣ್ಣ ಯಾರನ್ನೂ ಹಿಡಿದುಕೊಡುವುದಿಲ್ಲ. ಕಬ್ಬಿನ ಗದ್ದೆಯ ಒಡೆಯನೂ ಕೂಲಿಯೂ ಒಂದೇ ಬಿಸಿಲಿಗೆ ಕಪ್ಪಾದವರು. ಅದಕ್ಕೇ 'ಯಾವೂರಪ್ಪ? ಯಾರ ಪೈಕಿ?' ಅಂತ ಕೇಳುತ್ತಾರೆ. ಕೆ.ಆರ್.ಪೇಟೆ ಬಸ್ಸಿನಲ್ಲಿ ನನ್ನನ್ನೂ ಕೇಳಿದ್ದಾರೆ. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಬೋರ್ಡು ಹಾಕಿ ಹೊರಗಿಟ್ಟರು. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿ ಅಸ್ಪೃಶ್ಯರಿಗೆ 'ತಿರುಕುಲದವರು' ಎಂಬ ಚೆಂದದ ಹೆಸರಿತ್ತು. ಗುಡಿಯೊಳಗೆ ಬಿಡುತ್ತಿದ್ದುದು ಮಾತ್ರ ವರ್ಷಕ್ಕೆ ಮೂರೇ ದಿನ. ಅಲ್ಲಿನ ಬೋರ್ಡನ್ನು 1964ರ ಕಾನೂನು ಕೀಳಿಸಿತು. ಬಾಯಲ್ಲಿ ಕೇಳುವ ಪ್ರಶ್ನೆಯನ್ನು ಕೀಳಿಸುವ ಕಾನೂನು ಯಾವುದು?

ಸಾಹಿತ್ಯದ ಓದು ಇಲ್ಲಿ ಕೆಲಸಕ್ಕೆ ಬರಬೇಕು. ಸೀಲಿಯನ್ನು ಓದಿದ ನಾಗಮಂಗಲದ ಹುಡುಗಿ ಕನ್ನಡ ಕಾದಂಬರಿಗಳನ್ನೂ ಎದುರಿಗಿಟ್ಟುಕೊಂಡು ಕೇಳಲಿ: ಈ ಊರಲ್ಲಿ 'ಯಾರ ಪೈಕಿ' ಅಂತ ಕೇಳುವವರು ಯಾರು, ಉತ್ತರ ನುಂಗಿಕೊಳ್ಳುವವರು ಯಾರು? ಆ ಪ್ರಬಂಧದಲ್ಲಿ ತನ್ನ ಕೇರಿಯ ಹೆಸರನ್ನೂ ಬರೆಯಲಿ. ಅದಕ್ಕೆ ಅಂಕ ಕೊಡುವ ಮನಸ್ಸು ನಮ್ಮ ವಿಶ್ವವಿದ್ಯಾನಿಲಯಗಳಿಗೆ ಬರಬೇಕು.